ಷೋಕೇಸಿನಲ್ಲಿ ಪದಕ, ಪಕ್ಕದಲ್ಲಿ ಶಿಲುಬೆ



ಸಿದ್ದಾಪುರದಲ್ಲಿ, ಲಾಲ್‌ಬಾಗಿನಿಂದ ಅಷ್ಟೇನೂ ದೂರವಲ್ಲದ ಒಂದು ಓಣಿಯಲ್ಲಿ, ನನಗೆ ಪರಿಚಯದ ಒಂದು ಕಥೋಲಿಕ ಕುಟುಂಬವಿದೆ. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಆ ಮನೆಯ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ನನ್ನ ಮಗ ಯುದ್ಧದ ಹಳೇ ಸಾಮಾನುಗಳನ್ನು ಕೂಡಿಡುತ್ತಾನೆ. ಷೋಕೇಸು ನಮ್ಮ ಪ್ರಾರ್ಥನೆಯ ಪೀಠದ ಪಕ್ಕದಲ್ಲೇ ಇದೆ. ಸಂಜೆ ಜಪಸರ ಹೇಳುವಾಗ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಇದು ಪಾಪವೇ?"

ಆ ತಾಯಿಗೆ ನಾನು ಅಲ್ಲೇ ಉತ್ತರ ಕೊಡಲಾಗಲಿಲ್ಲ. ಮನೆಗೆ ಹೋಗಿ ನೋಡಿದೆ. ನೋಡಿದ ಮೇಲೆ ಪ್ರಶ್ನೆ ಇನ್ನೂ ಕಷ್ಟವಾಯಿತು.

ಆ ಹುಡುಗನಿಗೆ ಎರಡು ಮಹಾಯುದ್ಧಗಳ ನಡುವಿನ ಕಾಲ, ಅಂದರೆ 1918ರಿಂದ 1939ರವರೆಗಿನ ಕಾಲ, ಬಹಳ ಪ್ರಿಯ. ಅವನ ಬಳಿ ಬೆಳ್ಳಿಯ ಒಂದು ಪದಕವಿದೆ. 'ಇಂಡಿಯಾ ಜನರಲ್ ಸರ್ವೀಸ್' ಎಂಬ ಈ ಪದಕವನ್ನು ಬ್ರಿಟಿಷ್ ಸರ್ಕಾರ ವಾಯವ್ಯ ಗಡಿಯಂಥ ಕಡೆ ದುಡಿದ ಸೈನಿಕರಿಗೆ ಕೊಡುತ್ತಿತ್ತು. ರಿಬ್ಬನ್ನಿನ ಕೆಳಗಿನ ಪಟ್ಟಿಯಲ್ಲಿ ವಾಯವ್ಯ ಗಡಿ, 1930-31 ಎಂದಿದೆ. ಅಂಚಿನಲ್ಲಿ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ದಳ. ಅದರ ಪಕ್ಕದಲ್ಲಿ ಅಂಗೈಗಿಂತ ದೊಡ್ಡದಾದ, ಸುಮಾರು 12 ಸೆಂಟಿಮೀಟರ್ ಅಗಲದ ಕಂಚಿನ ಬಿಲ್ಲೆ. ಮೊದಲನೆಯ ಮಹಾಯುದ್ಧದಲ್ಲಿ ಮಡಿದವರ ಮನೆಗಳಿಗೆ 1919ರಿಂದ ಇಂಥ 13 ಲಕ್ಷಕ್ಕೂ ಹೆಚ್ಚು ಬಿಲ್ಲೆಗಳನ್ನು ಕಳುಹಿಸಲಾಯಿತು. ಜನ ಅದನ್ನು 'ಸತ್ತವನ ಕಾಸು' ಎಂದು ಕರೆದರು. ಅದರ ಮೇಲೆ ಹೆಸರು ಮಾತ್ರ ಇರುತ್ತದೆ, ಹುದ್ದೆ ಇರುವುದಿಲ್ಲ. ಸಾವಿನಲ್ಲಿ ಸೇನಾಧಿಪತಿಯೂ ಸಿಪಾಯಿಯೂ ಒಂದೇ ಎಂದು ಹಾಗೆ ಮಾಡಿದರು.

ಕೊನೆಯಲ್ಲಿ, ಹೊರದೇಶದಿಂದ ತರಿಸಿದ ಒಂದು ಸೊಂಟಪಟ್ಟಿಯ ಬಕಲ್. 1936ರ ನಂತರದ ಜರ್ಮನ್ ಸೈನ್ಯದ್ದು. ಹದ್ದು, ಅದರ ಕಾಲಡಿಯಲ್ಲಿ ಹಿಟ್ಲರನ ಗುರುತು, ಮೇಲೆ ಜರ್ಮನ್ ಭಾಷೆಯಲ್ಲಿ ಮೂರು ಪದ: 'ದೇವರು ನಮ್ಮೊಡನೆ'.

ತಾಯಿಯ ಕಣ್ಣು ಹೋಗುತ್ತಿದ್ದದ್ದು ಅಲ್ಲಿಗೆ.

ಮೊದಲಿಗೆ ಒಂದು ಮಾತು. ಹಳೆಯ ವಸ್ತುವನ್ನು ಕೂಡಿಡುವುದು ತನ್ನಷ್ಟಕ್ಕೆ ಪಾಪವಲ್ಲ. ನೆನಪು ಮಾಡುವುದು ನಮ್ಮ ಧರ್ಮದ ಉಸಿರು. ಪ್ರತಿ ಬಲಿಪೂಜೆಯೂ ಪ್ರಭುವಿನ ಆಜ್ಞೆಯಂತೆ ಮಾಡುವ ಸ್ಮರಣೆಯೇ. ಸಂತರ ಮೂಳೆ, ಬಟ್ಟೆಗಳನ್ನು ಗೌರವದಿಂದ ಕಾಯ್ದಿಟ್ಟವರು ನಾವು. ಸಮುವೇಲನ ಪ್ರಥಮ ಗ್ರಂಥ ಓದಿ ನೋಡಿ. ದಾವೀದನು ಸೌಲನಿಂದ ತಪ್ಪಿಸಿಕೊಂಡು ನೋಬ್ ಎಂಬ ಊರಿನ ಯಾಜಕನ ಬಳಿ ಬಂದಾಗ, ಗೊಲ್ಯಾತನ ಕತ್ತಿ ಅಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟದ್ದು ಸಿಗುತ್ತದೆ. ಯುದ್ಧದ ವಸ್ತು ದೇವರ ಆಲಯದಲ್ಲಿ! ಆದ್ದರಿಂದ ಇಟ್ಟುಕೊಂಡದ್ದು ಏಕೆ, ಹೇಗೆ ಎಂಬುದನ್ನು ವಿಚಾರಿಸಬೇಕು. ಅದಕ್ಕೆ ಮೂರು ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು: ಇದು ಯಾರದು?

ಪದಕದ ಅಂಚಿನ ಹೆಸರು ಒಬ್ಬ ಕ್ರೈಸ್ತನದು. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಬೆಂಗಳೂರಿನಲ್ಲೇ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ದಳದಲ್ಲಿ ಎಷ್ಟೋ ಕ್ರೈಸ್ತ ಮನೆಗಳ ಮಕ್ಕಳು ದುಡಿದರು. ಸೈನ್ಯದಲ್ಲಿದ್ದು ರಸ್ತೆ, ಸೇತುವೆ ಕಟ್ಟಿದ ಪಯನಿಯರ್ ದಳದವರ ಸ್ಮಾರಕ ಬ್ರಿಗೇಡ್ ರಸ್ತೆಯ ತುದಿಯಲ್ಲಿದೆ. ಆ ದಳವನ್ನೇ 1933ರಲ್ಲಿ ವಿಸರ್ಜಿಸಿದರು. ಅಂಥವರ ಪದಕ ಹಳೇ ಸಾಮಾನಿನ ಸಂತೆಗೆ ಹೇಗೆ ಬರುತ್ತದೆ? ಹೆಚ್ಚಾಗಿ ಬಡತನದಿಂದ. ಬೆಳ್ಳಿಯ ಬೆಲೆ ಏರಿದಾಗ ಎಷ್ಟೋ ಪದಕಗಳು ಅಕ್ಕಸಾಲಿಗನ ಕುಲುಮೆಗೆ ಹೋದವು. ಉಳಿದವು ಒಬ್ಬ ವಿಧವೆಯ ಕಷ್ಟಕ್ಕೋ, ಮಗಳ ಮದುವೆಗೋ ಮಾರಾಟವಾದವು.

ಬಡವನ ಹೊದಿಕೆಯನ್ನು ಅಡವಿಟ್ಟುಕೊಂಡರೆ ಹೊತ್ತು ಮುಳುಗುವ ಮೊದಲು ಹಿಂದಿರುಗಿಸಬೇಕೆಂದು ವಿಮೋಚನಾಕಾಂಡ ಹೇಳುತ್ತದೆ. ರಾತ್ರಿ ಅವನು ಬೇರೆ ಏನನ್ನು ಹೊದ್ದು ಮಲಗಿಯಾನು? ಕೆಲವು ವಸ್ತುಗಳನ್ನು ಕೊಂಡರೂ ಅವು ಪೂರ್ತಿಯಾಗಿ ನಮ್ಮವಾಗುವುದಿಲ್ಲ ಎಂಬುದು ಈ ಆಜ್ಞೆಯ ತಿರುಳು. ಮಾರುವವರಿಗೆ ಅದರ ಬೆಲೆ ಗೊತ್ತಿಲ್ಲ, ನಮಗೆ ಗೊತ್ತಿದೆ ಎಂದಾಗ ಆ ಅಜ್ಞಾನದ ಲಾಭ ಪಡೆಯುವುದು ಏಳನೆಯ ಆಜ್ಞೆಗೆ ಸಂಬಂಧಿಸಿದ ವಿಷಯ. ನೀವು ಕೂಡಿಡುವವರಾದರೆ ನ್ಯಾಯವಾದ ಬೆಲೆ ಕೊಡಿ. ಅಂಚಿನ ಹೆಸರಿನ ವಾರಸುದಾರರು ಸಿಗುವರೇ ಎಂದು ಪ್ರಾಮಾಣಿಕವಾಗಿ ಹುಡುಕಿ. ಸಿಕ್ಕರೆ ಅವರು ಕೇಳಿದಾಗ ಕೊಡಲು ಸಿದ್ಧರಾಗಿರಿ. ನೂರು ವರ್ಷ ದಾಟಿದ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವುದನ್ನು 1972ರ ಪುರಾತನ ವಸ್ತುಗಳ ಕಾಯಿದೆ ತಡೆಯುತ್ತದೆ ಎಂಬುದನ್ನೂ ಮರೆಯಬೇಡಿ. 1920ರ ಸುತ್ತಿನ ವಸ್ತುಗಳು ಈಗ ಆ ವಯಸ್ಸು ದಾಟಿವೆ.

ಎರಡನೆಯದು: ಇದು ಯಾವುದನ್ನು ಹೊಗಳುತ್ತದೆ?

ಬಕಲಿನ ಗುರುತನ್ನು ನೋಡಿ ಹುಡುಗನಿಗೆ ಏನೂ ಅನ್ನಿಸಲಿಲ್ಲವಂತೆ. ಆಶ್ಚರ್ಯವಿಲ್ಲ. ನಮ್ಮ ನೆರೆಮನೆಯ ಹಿಂದೂ ಸಹೋದರರ ಹೊಸ್ತಿಲಲ್ಲಿರುವ ಸ್ವಸ್ತಿಕ ಮಂಗಳದ ಗುರುತು. ಹಿಟ್ಲರನದು ಬೇರೆ, ಜರ್ಮನ್ನರು ಅದನ್ನು 'ಕೊಂಡಿಯ ಶಿಲುಬೆ' ಎಂದೇ ಕರೆದರು. ಆದರೆ ನನ್ನನ್ನು ನಡುಗಿಸಿದ್ದು ಆ ಗುರುತಿಗಿಂತ ಮೇಲಿನ ಮಾತು. 'ದೇವರು ನಮ್ಮೊಡನೆ' ಎಂದರೆ ಇಮ್ಮಾನುವೇಲ! ಕ್ರಿಸ್ತಜಯಂತಿಯಂದು ನಾವು ಗೋದಲಿಯ ಮುಂದೆ ಹೇಳುವ ಹೆಸರು. ಆ ಹೆಸರನ್ನೇ ಸೊಂಟಕ್ಕೆ ಕಟ್ಟಿಕೊಂಡು ಒಂದು ಸೈನ್ಯ ನೆರೆಯ ದೇಶಗಳನ್ನು ತುಳಿಯಿತು.

ಧರ್ಮಸಭೆ ಆಗ ಸುಮ್ಮನಿತ್ತೇ? ಜಗದ್ಗುರು ಹನ್ನೊಂದನೆಯ ಭಕ್ತಿನಾಥರು, ಅಂದರೆ ಪೋಪ್ ಪಿಯುಸ್, ಲತೀನಿನ ಬದಲು ಜರ್ಮನ್ ಭಾಷೆಯಲ್ಲೇ ಒಂದು ವಿಶ್ವಪತ್ರ ಬರೆದರು. ಅದನ್ನು 1937ರ ಮಾರ್ಚ್ 21ರ ಗರಿಗಳ ಭಾನುವಾರ ಜರ್ಮನಿಯ ದೇವಾಲಯಗಳಲ್ಲಿ ಓದಲಾಯಿತು. ಜನಾಂಗವನ್ನೂ ರಾಜ್ಯವನ್ನೂ ದೇವರ ಸ್ಥಾನದಲ್ಲಿ ಕೂರಿಸುವುದು ಮೂರ್ತಿಪೂಜೆ ಎಂದು ಅದು ಖಂಡಿಸಿತು. ಆದರೂ ಲಕ್ಷಾಂತರ ಕ್ರೈಸ್ತರು ಆ ಸೊಂಟಪಟ್ಟಿ ಕಟ್ಟಿಕೊಂಡರು ಎಂಬುದೂ ಸತ್ಯ. ಆಸ್ಟ್ರಿಯಾದ ರೈತ, ಮಕ್ಕಳ ತಂದೆ ಫ್ರಾನ್ಜ್ ಯೇಗರ್‌ಸ್ಟೆಟರ್ ಹಿಟ್ಲರನಿಗಾಗಿ ಹೋರಾಡಲು ಒಪ್ಪಲಿಲ್ಲ. 1943ರ ಆಗಸ್ಟ್ 9ರಂದು ಅವನ ತಲೆ ಕಡಿದರು. 2007ರಲ್ಲಿ ಧರ್ಮಸಭೆ ಅವನನ್ನು ಪುನೀತನೆಂದು ಘೋಷಿಸಿತು. ಅವನು ಕೊನೆಗೆ ಒಲ್ಲೆನೆಂದದ್ದು ಆ ಪಟ್ಟಿಯನ್ನೇ.

ಇನ್ನು ನಮ್ಮ ಬೆಳ್ಳಿ ಪದಕವನ್ನು ಕುರಿತು ತಾಯಿಗೆ ಯಾವ ಅಳುಕೂ ಇರಲಿಲ್ಲ. ಅಲ್ಲೂ ವಿಚಾರ ಮಾಡುವುದಿದೆ. 1930ರ ಏಪ್ರಿಲ್ 23ರಂದು ಅದೇ ವಾಯವ್ಯ ಗಡಿಯ ಪೇಶಾವರದಲ್ಲಿ, ನಿರಾಯುಧ ಜನರ ಮೇಲೆ ಗುಂಡು ಹಾರಿಸುವ ಆಜ್ಞೆಯನ್ನು ಗಢ್ವಾಲ್ ರೈಫಲ್ಸಿನ ಹವಾಲ್ದಾರ ಚಂದ್ರಸಿಂಗ್ ಮತ್ತು ಅವರ ಜೊತೆಗಾರರು ಪಾಲಿಸಲಿಲ್ಲ. ಅವರಿಗೆ ಸಿಕ್ಕಿದ್ದು ಸೈನಿಕ ವಿಚಾರಣೆ ಮತ್ತು ಸೆರೆಮನೆ. ಆ ವರ್ಷದ ಆ ಗಡಿಯ ಪದಕಗಳು ಸಂತೆಯಲ್ಲಿ ಸಿಗುತ್ತವೆ. ಗುಂಡು ಹಾರಿಸದಿದ್ದದ್ದಕ್ಕೆ ಪದಕವೇ ಇಲ್ಲ, ಹಾಗಾಗಿ ಅದನ್ನು ಯಾರೂ ಕೂಡಿಡಲಾರರು. ಹೊಟ್ಟೆಪಾಡಿಗಾಗಿ ಸೈನ್ಯ ಸೇರಿದ ಆ ಬಡ ಕ್ರೈಸ್ತನನ್ನು ತೂಗಿ ನೋಡುವ ಹಕ್ಕು ನನಗಿಲ್ಲ. ಆದರೆ ಷೋಕೇಸಿನಲ್ಲಿ ಕಾಣುವುದೇ ಪೂರ್ತಿ ಚರಿತ್ರೆ ಎಂದುಕೊಂಡರೆ ನಾವು ನಮಗೇ ಸುಳ್ಳು ಹೇಳಿಕೊಂಡಂತೆ.

ಮೂರನೆಯದು: ಇದು ನನ್ನನ್ನು ಏನು ಮಾಡುತ್ತಿದೆ?

ಮೋಶೆ ಮಾಡಿಸಿದ ಕಂಚಿನ ಸರ್ಪ ಜೀವ ಉಳಿಸಿದ ವಸ್ತು, ದೇವರೇ ಮಾಡಹೇಳಿದ್ದು. ಎಷ್ಟೋ ಶತಮಾನಗಳ ನಂತರ ಜನ ಅದಕ್ಕೆ ಧೂಪ ಹಾಕತೊಡಗಿದಾಗ ಅರಸ ಹಿಜ್ಕೀಯನು ಅದನ್ನು ಒಡೆದು ಹಾಕಿದ. ಒಳ್ಳೆಯ ನೆನಪೂ ವಿಗ್ರಹವಾಗಬಲ್ಲುದು. ಆ ಹುಡುಗನನ್ನು ಕೇಳಿದೆ: "ಇವನ್ನೆಲ್ಲ ಎಲ್ಲಿ ಕೊಂಡೆ?" "ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯಲ್ಲಿ. ಬೆಳಗ್ಗೆಯೇ ಹೋಗಬೇಕು, ತಡವಾದರೆ ಒಳ್ಳೆಯದು ಸಿಗುವುದಿಲ್ಲ" ಎಂದ. ಹೇಳಿ ತಾನೇ ತಲೆ ತಗ್ಗಿಸಿದ. ಭಾನುವಾರ ಬೆಳಗ್ಗೆ ಅವನು ಎಲ್ಲಿರಬೇಕಿತ್ತು ಎಂದು ನಾನು ಹೇಳುವ ಅಗತ್ಯ ಬೀಳಲಿಲ್ಲ.

ನಕ್ಕು ಬಿಡಬೇಡಿ, ಓದುಗರೇ. ಅವನಿಗೆ ಪದಕ, ಇನ್ನೊಬ್ಬರಿಗೆ ಸೀರೆ, ಮತ್ತೊಬ್ಬರಿಗೆ ನಿವೇಶನ. ಬೆಳಗ್ಗೆಯೇ ಹೋಗದಿದ್ದರೆ ಕೈತಪ್ಪುತ್ತದೆ ಎಂದು ನಮ್ಮನ್ನು ಓಡಿಸುವ ಸಂತೆ ಎಲ್ಲರಿಗೂ ಒಂದೊಂದಿದೆ.

ಕೊನೆಗೆ ಒಬ್ಬ ಸೈನಿಕ ಸಂತರ ವಿಷಯ ಹೇಳಿ ಮುಗಿಸುತ್ತೇನೆ. 1918ರಲ್ಲಿ ಮೊದಲನೆಯ ಮಹಾಯುದ್ಧ ನಿಂತದ್ದು ನವೆಂಬರ್ 11ರಂದು. ಆ ದಿನ ಧರ್ಮಸಭೆಯಲ್ಲಿ ತೂರ್ ಪಟ್ಟಣದ ಸಂತ ಮಾರ್ಟಿನರ ಹಬ್ಬ. ರೋಮ್ ಸೈನ್ಯದಲ್ಲಿದ್ದಾಗ ಅವರು ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ಕತ್ತಿಯಿಂದ ತಮ್ಮ ನಿಲುವಂಗಿಯನ್ನು ಸೀಳಿ ಅರ್ಧ ಕೊಟ್ಟರು. ಆ ಮೇಲಂಗಿಯನ್ನು ಮುಂದೆ ಫ್ರಾಂಕ್ ಅರಸರು ಭಕ್ತಿಯಿಂದ ಕಾಯ್ದರು. ಲತೀನಿನಲ್ಲಿ ಅದಕ್ಕೆ 'ಕಪ್ಪ' ಎಂದರು. ಅದನ್ನಿಟ್ಟ ಸ್ಥಳಕ್ಕೆ 'ಕಪೆಲ್ಲ' ಎಂದು ಹೆಸರಾಯಿತು. ನಾವು ಆಸ್ಪತ್ರೆ, ಕಾನ್ವೆಂಟುಗಳಲ್ಲಿ ಕಾಣುವ 'ಚಾಪೆಲ್' ಎಂಬ ಪದ ಬಂದದ್ದು ಅಲ್ಲಿಂದ. ಅಂದರೆ ನಮ್ಮ ಪ್ರಾರ್ಥನಾಲಯದ ಹೆಸರಿನಲ್ಲೇ ಒಬ್ಬ ಸೈನಿಕನ ಹಳೆಯ ಬಟ್ಟೆ ಇದೆ! ಅದು ಗೆದ್ದದ್ದರ ಗುರುತಾಗಿ ಉಳಿಯಲಿಲ್ಲ, ಹಂಚಿಕೊಂಡದ್ದರ ಗುರುತಾಗಿ ಉಳಿಯಿತು.

ಆ ತಾಯಿಗೆ ನಾನು ಕೊಟ್ಟ ಉತ್ತರ ಇಷ್ಟು: "ಪದಕ, ಬಿಲ್ಲೆ ಇರಲಿ. ನವೆಂಬರ್ 2ರ ಸಕಲ ಮೃತರ ದಿನ ಆ ಎರಡು ಹೆಸರುಗಳನ್ನೂ ನಿಮ್ಮ ಮನೆಯ ಸತ್ತವರ ಹೆಸರುಗಳ ಜೊತೆ ಸೇರಿಸಿ ಪ್ರಾರ್ಥಿಸಿ. ಅವರಿಗಾಗಿ ಪ್ರಾರ್ಥಿಸುವವರು ಬೇರೆ ಯಾರೂ ಉಳಿದಿಲ್ಲದಿರಬಹುದು. ಬಕಲ್ ಮಾತ್ರ ಶಿಲುಬೆಯ ಪಕ್ಕದಲ್ಲಿ ಬೇಡ."

ಹುಡುಗ ಆ ಬಕಲನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನೊಳಗೆ ಇಟ್ಟಿದ್ದಾನೆ. ಮಾರಿದರೆ ಅದನ್ನು ಹೆಮ್ಮೆಯಿಂದ ಕಟ್ಟಿಕೊಳ್ಳುವವನ ಕೈಗೆ ಹೋದೀತು. ಎಸೆದರೆ ಒಂದು ಸಾಕ್ಷಿ ನಾಶವಾದೀತು. ವಸ್ತುಸಂಗ್ರಹಾಲಯಕ್ಕೆ ಕೊಡೋಣವೆಂದರೆ ಕೊಟ್ಟ ಹಣದ ಆಸೆ. ಇನ್ನೂ ನಿರ್ಧರಿಸಿಲ್ಲ. ನಾನೂ ಅವಸರಪಡಿಸಿಲ್ಲ. ಆದರೆ ಕಳೆದ ಕೆಲವು ಭಾನುವಾರಗಳಿಂದ ಅವನು ತಾಯಿಯ ಜೊತೆ ಮೊದಲ ಪೂಜೆಗೆ ಬರುತ್ತಿದ್ದಾನೆ. ಸಂತೆಗೆ ಆಮೇಲೆ ಹೋಗುತ್ತಾನೆ.

ಈ ವಾರ ನಿಮ್ಮ ಮನೆಯ ಷೋಕೇಸನ್ನೂ ಒಮ್ಮೆ ತೆರೆದು, ಧೂಳು ಒರೆಸುತ್ತಾ ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇಮ್ಮಾನುವೇಲನಾದ ಪ್ರಭು ನಿಮ್ಮೊಡನೆ ಇರಲಿ.