ಕಣ್ಣಿಗೆ ಅಡ್ಡ ಬಂದ ಬೆಂಕಿ

ಹಾಂಗ್‌ಕಾಂಗ್, ಗುವಾಂಗ್‌ಝೌ ಕಡೆಯ ಕ್ಯಾಂಟನೀಸ್ ಜನರ ಬಾಯಲ್ಲಿ ‘ಫೋ ಚೆ ಙಾನ್’ ಎಂಬ ಮಾತುಂಟು. ಬೆಂಕಿ ಕಣ್ಣಿಗೆ ಅಡ್ಡ ಬಂತು ಎಂದರ್ಥ. ಸಿಟ್ಟಿನ ಭರದಲ್ಲಿ ಎದುರಿಗಿರುವವರು ಯಾರು, ತಾನು ಆಡುತ್ತಿರುವುದೇನು ಎಂಬ ಪರಿವೆಯೇ ಇಲ್ಲದವನನ್ನು ಕಂಡು ಆಡುವ ಮಾತು. ಬೆಳಕು ಕೊಡಬೇಕಾದ ಬೆಂಕಿ ಇಲ್ಲಿ ಪರದೆಯಾಗಿದೆ. ಮಾತಿನ ಸೊಗಸೆಲ್ಲ ಅಲ್ಲೇ ಇದೆ.

ಈ ಬೆಂಕಿ ಬರೀ ಅಲಂಕಾರವಲ್ಲ. ಚೀನೀ ವೈದ್ಯದ ಪ್ರಕಾರ ಸಿಟ್ಟಿನ ನೆಲೆ ಪಿತ್ತಜನಕಾಂಗ. ಅದರ ಬಾಗಿಲು ಕಣ್ಣು. ಒಳಗೆ ಕಾವು ಏರಿದರೆ ಕಣ್ಣು ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ಸುಮ್ಮಸುಮ್ಮನೆ ಸಿಡುಕು ಬರುತ್ತದೆ. ಹಾಗಿರುವಾಗ ಗಾದೆ ಕಣ್ಣನ್ನೇ ಹಿಡಿದದ್ದು ಆಕಸ್ಮಿಕ ಎನಿಸುವುದಿಲ್ಲ. ಸಿಟ್ಟು ಆ ಜನಕ್ಕೆ ದುರ್ಗುಣ ಎನ್ನುವುದಕ್ಕಿಂತ ಮೈಯ ಉಷ್ಣ. ಉಷ್ಣಕ್ಕೆ ಮದ್ದೂ ಉಂಟು: ‘ಲೋಂಗ್ ಚಾ’, ಅಂದರೆ ತಂಪು ಚಹಾ. ಹೆಸರಿಗಷ್ಟೇ ಚಹಾ, ಬಟ್ಟಲಲ್ಲಿರುವುದು ಕಪ್ಪಗಿನ ಗಿಡಮೂಲಿಕೆ ಕಷಾಯ. ತಂಪು ಎಂದರೂ ಅಂಗಡಿಯಲ್ಲಿ ಬಿಸಿಯಾಗಿಯೇ ಕೊಡುವುದುಂಟು. ‘ಇಪ್ಪತ್ನಾಲ್ಕು ರುಚಿ’ ಎಂಬ ಬಗೆಯಲ್ಲಂತೂ ನಾಲಿಗೆಗೆ ಸಿಗುವುದು ಒಂದೇ ರುಚಿ, ಕಹಿ. 1828ರಲ್ಲಿ ಗುವಾಂಗ್‌ಝೌನಲ್ಲಿ ಹುಟ್ಟಿದ ವಾಂಗ್ ಲೋ ಕಾಟ್ ಎಂಬ ಕಷಾಯದ ಹೆಸರು ಇಂದೂ ಮಾರುಕಟ್ಟೆಯಲ್ಲಿದೆ. 2006ರಲ್ಲಿ ಚೀನಾ ಈ ಕಷಾಯ ಪರಂಪರೆಯನ್ನು ತನ್ನ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಕಣ್ಣು ಮುಚ್ಚುವ ಮಟ್ಟಕ್ಕೆ ಹೋಗದ ಸಿಟ್ಟುಗಳಿಗೂ ಮಾತುಗಳಿವೆ. ಬೆಳಗಿನಿಂದ ಮುಖ ಗಂಟಿಕ್ಕಿ ಕೂತವನದು ‘ಹಾಕ್ ಹೌ ಹಾಕ್ ಮಿನ್’: ಕಪ್ಪು ಬಾಯಿ, ಕಪ್ಪು ಮುಖ. ಮೇಲಧಿಕಾರಿಯ ಬೈಗುಳ ನುಂಗಿಕೊಂಡು ಒಳಗೊಳಗೇ ಕುದಿಯುವುದು ‘ಗುಕ್ ಹೇಯ್’, ಅದುಮಿಟ್ಟ ಉಸಿರು. ಗಡ್ಡ ಹಾರುವಂತೆ ಬುಸುಗುಟ್ಟಿ ಕಣ್ಣು ಕೆಕ್ಕರಿಸುವುದಕ್ಕೆ ‘ಚೋಯ್ ಸೋ ಲುಕ್ ಙಾನ್’ ಎನ್ನುತ್ತಾರೆ, ಗಡ್ಡ ಇರಲೇಬೇಕೆಂದೇನಿಲ್ಲ. ಕಾರಣವಿಲ್ಲದೆ ಎಗರಾಡುವವನಿಗೆ ನೇರ ಪ್ರಶ್ನೆ: ಸಿಡಿಮದ್ದು ತಿಂದು ಬಂದೆಯೇನು?

ಗಾದೆಗೆ ಜೀವಂತ ಟೀಕು ಸಿಕ್ಕಿದ್ದು 2006ರ ಏಪ್ರಿಲ್ ತಿಂಗಳ ಒಂದು ರಾತ್ರಿ, ಹಾಂಗ್‌ಕಾಂಗಿನ ಬಸ್ಸೊಂದರಲ್ಲಿ. ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದ ನಡುವಯಸ್ಸಿನವನ ಹೆಗಲು ತಟ್ಟಿ, ಹಿಂದಿನ ಸೀಟಿನ ಯುವಕ ದನಿ ತಗ್ಗಿಸಿ ಎಂದ. ಅಷ್ಟಕ್ಕೇ ಆತ ಕೆಂಡಾಮಂಡಲ. ಯುವಕ ಕ್ಷಮೆ ಕೇಳಿದ, ಕೈಯನ್ನೂ ಕುಲುಕಿದ, ಬೈಗುಳ ನಿಲ್ಲಲಿಲ್ಲ. ಎದುರಿಗೆ ಚಾಚಿದ ಕೈ ಕಾಣದಷ್ಟು ಬೆಂಕಿ ಅಡ್ಡ ಬಂದಿತ್ತು. ಇನ್ನೊಬ್ಬ ಪ್ರಯಾಣಿಕ ಮೊಬೈಲಿನಲ್ಲಿ ಹಿಡಿದ ಸುಮಾರು 6 ನಿಮಿಷದ ಆ ದೃಶ್ಯದಿಂದ ಆತ ಊರಿಗೆಲ್ಲ ‘ಬಸ್ ಚಿಕ್ಕಪ್ಪ’ನಾದ. ‘ನಿನಗೂ ಒತ್ತಡ, ನನಗೂ ಒತ್ತಡ’ ಎಂದು ಅವನು ಕೂಗಿದ್ದು ಹಾಂಗ್‌ಕಾಂಗಿನ ಟೀ ಶರ್ಟುಗಳ ಮೇಲೇರಿತು, ಮೊಬೈಲಿನ ರಿಂಗ್‌ಟೋನೂ ಆಯಿತು.