ಎಲ್ಲರ ಹಕ್ಕು

ಸ್ಟಾಕ್‌ಹೋಮಿನ ಪೂರ್ವಕ್ಕೆ ಬಾಲ್ಟಿಕ್ ಸಮುದ್ರದಲ್ಲಿ ಸುಮಾರು 30,000 ದ್ವೀಪ, ಬಂಡೆಗಳು ಚೆಲ್ಲಿಕೊಂಡಿವೆ. ಊರಿಂದ ಬಂದಿದ್ದ ಅಣ್ಣನ ಮಕ್ಕಳಿಗೆ ಅವನ್ನು ತೋರಿಸಲು ಜೂನ್ ತಿಂಗಳಲ್ಲಿ ಸ್ಪೀಡ್‌ಬೋಟ್ ಹತ್ತಿದೆವು.

‘ಚಿಕ್ಕಪ್ಪ, ಯಾರ ದ್ವೀಪದಲ್ಲಾದರೂ ಇಳಿಯಬಹುದಾ?’ ಮನೆಯಂಗಳ ಬಿಟ್ಟು ಹೆಚ್ಚುಕಡಿಮೆ ಎಲ್ಲೆಡೆ ಇಳಿಯಬಹುದು. ಸ್ವೀಡನ್ನಿನವರು ಇದನ್ನು ‘ಅಲ್ಲೆಮಾನ್ಸ್‌ರೆಟ್ಟೆನ್’, ಎಲ್ಲರ ಹಕ್ಕು, ಎನ್ನುತ್ತಾರೆ. 1994ರಲ್ಲಿ ಅದು ಸಂವಿಧಾನಕ್ಕೂ ಸೇರಿತು. ಅಂಗೈಯಗಲ ನೆಲವಿಲ್ಲದ ನನಗೆ ಈ ನಾಡು ನನ್ನದೂ ಹೌದು ಎನ್ನಿಸಿದ್ದು ಈ ಹಕ್ಕಿನಿಂದಲೇ. ಕಾಡಿನಲ್ಲಿ ಹಣ್ಣು ಕೀಳುವಾಗ ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ.

ಒಂದು ದ್ವೀಪದ ಮುಂದೆ ಫಲಕವಿತ್ತು: ಹಕ್ಕಿಗಳು ಮರಿಮಾಡುವ ಕಾಲ, ಹತ್ತಿರ ಬರಬಾರದು. ‘ಸ್ವಲ್ಪವೇ ಹತ್ತಿರ ಹೋಗೋಣವೇ?’ ಎಂದೆ. ಬೋಟಿನವನು ಎಂಜಿನ್ ಆರಿಸಿದ. ಈಡರ್ ಎಂಬ ಬಾತು ಇಪ್ಪತ್ತೈದು ದಿನ ಹೆಚ್ಚುಕಡಿಮೆ ಉಪವಾಸವಿದ್ದು ಕಾವು ಕೊಡುತ್ತದಂತೆ. ಅದು ಬೆದರಿ ಎದ್ದರೆ ಮೊಟ್ಟೆ ಕಡಲಕಾಗೆಯ ಪಾಲು.

ಮಲ್ಪೆಯ ಸೇಂಟ್ ಮೇರಿಸ್ ದ್ವೀಪಕ್ಕೆ ಮಳೆಗಾಲದಲ್ಲಿ ಬೋಟು ಹೋಗುವುದಿಲ್ಲ; ತಡೆಯುವುದು ಕಡಲೇ. ಇಲ್ಲಿ ಮರಿಮಾಡುವ ಕಾಲದಲ್ಲೇ ಕಡಲು ಕೆರೆಯಂತೆ ಶಾಂತ. ಕಾವಲುಗಾರನೂ ಕಾಣಲಿಲ್ಲ. ತಡೆಯಬೇಕಾದವನು ನಾನೇ. ಆದರೆ ‘ಎಲ್ಲರೂ’ ಎಂದಾಗ ನಾನು ಮನುಷ್ಯರನ್ನಷ್ಟೇ, ಅದರಲ್ಲೂ ಮೊದಲು ನನ್ನನ್ನೇ ಎಣಿಸಿಕೊಂಡಿದ್ದೆ.

ದುರ್ಬೀನಿನಲ್ಲಿ ಬಂಡೆಯ ಸಂದಿಯಲ್ಲೊಂದು ಕಂದು ಬಣ್ಣದ ಗುಪ್ಪೆ ಕಂಡಿತು. ಹಕ್ಕಿಯೋ ಕಲ್ಲೋ ಎಂದು ಮಕ್ಕಳು ಜಗಳವಾಡಿದರು. ದೂರ ಸಾಗುವವರೆಗೂ ಬೋಟು ತೆವಳಿತು. ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟಿದ್ದೆನಲ್ಲ, ನಾನು ಎರಡು ಸಲ ಗಡಿಯಾರ ನೋಡಿಕೊಂಡೆ.