ಮಾಳಿಗೆಯ ಸುತ್ತ ಒಂದು ಗೋಡೆ



ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ಗೋಡೆ ಕಟ್ಟಿಸಬೇಕು. ಇಲ್ಲವಾದರೆ ಅಲ್ಲಿಂದ ಬಿದ್ದು ಸತ್ತವನ ರಕ್ತಾಪರಾಧವು ಆ ಮನೆಯ ಮೇಲಿರುವುದು ಎಂಬ ವಿಧಿಯೊಂದು ಧರ್ಮೋಪದೇಶ ಕಾಂಡದ 22ನೆಯ ಅಧ್ಯಾಯದಲ್ಲಿದೆ. ಬಿದ್ದವನು ಎಚ್ಚರದಿಂದಿರಬೇಕಿತ್ತು ಎಂದು ಅಲ್ಲಿ ಹೇಳಿಲ್ಲ. ಹೊಣೆಯನ್ನು ಕಟ್ಟಿಸುವವನ ಮೇಲೆಯೇ ಹೊರಿಸಲಾಗಿದೆ. ಇಂದು ಸುರಕ್ಷತಾ ಬೆಲ್ಟು, ಬಲೆ, ಹೆಲ್ಮೆಟ್, ಕೆಲಸಗಾರರನ್ನು ಮೇಲಕ್ಕೊಯ್ಯುವ ಲಿಫ್ಟ್, ಎತ್ತರದ ಬಿರುಕನ್ನು ಕೆಳಗಿನಿಂದಲೇ ಪರೀಕ್ಷಿಸಲು ನೆರವಾಗುವ ಡ್ರೋನ್ ಎಲ್ಲವೂ ಬಂದಿವೆ. ಇವು ಬಂದ ಮೇಲೆ ಆ ಹೊಣೆ ನಮ್ಮ ಹೆಗಲಿನಿಂದ ಇಳಿಯಿತೇ?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1933ರಿಂದ 1937ರವರೆಗೆ ಗೋಲ್ಡನ್ ಗೇಟ್ ಸೇತುವೆಯ ನಿರ್ಮಾಣ ನಡೆಯಿತು. ಹತ್ತು ಲಕ್ಷ ಡಾಲರ್ ವೆಚ್ಚಕ್ಕೆ ಒಂದು ಜೀವ ಹೋಗುವುದು ಸಹಜವೆಂದು ಅಲ್ಲಿನ ನಿರ್ಮಾಣ ವಲಯವು ಲೆಕ್ಕ ಹಾಕುತ್ತಿದ್ದ ಕಾಲವದು. ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಆ ಲೆಕ್ಕವನ್ನು ಒಪ್ಪಲಿಲ್ಲ. ತಲೆಗೆ ಗಟ್ಟಿ ಟೋಪಿಯನ್ನು ಕಡ್ಡಾಯಗೊಳಿಸಿದರು. ಒಂದು ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡಿ ಸೇತುವೆಯ ಕೆಳಗೆ ಬಲೆ ಕಟ್ಟಿಸಿದರು. ಆ ಬಲೆ 19 ಮಂದಿಯ ಪ್ರಾಣ ಉಳಿಸಿತು. ಬೀಳುವ ಭಯ ದೂರವಾದದ್ದರಿಂದ ಕೆಲಸವೂ ಚುರುಕಾಯಿತೆಂದು ಹೇಳುತ್ತಾರೆ. ಸುರಕ್ಷತೆಗೆ ಖರ್ಚು ಮಾಡಿದರೆ ಕೆಲಸ ಕುಂಟುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಆದರೆ 1937ರ ಫೆಬ್ರವರಿ 17ರಂದು ಹಲವು ಟನ್ ಭಾರದ ಸಾರವೆಯೊಂದು ಕಳಚಿ ಬಿದ್ದಾಗ, ಅದೇ ಬಲೆ ಹರಿದು 10 ಮಂದಿ ಮೃತಪಟ್ಟರು. ಬಲೆಯನ್ನು ಕಟ್ಟಿದ್ದು ಬೀಳುವ ಮನುಷ್ಯನಿಗಾಗಿ. ಕುಸಿಯುವ ಸಾರವೆಯನ್ನು ಅದು ತಡೆಯಲಾರದು. ಸಾಧನವು ತನ್ನ ಮಿತಿಯೊಳಗೆ ಕಾಯುತ್ತದೆ. ಆ ಮಿತಿಯಾಚೆಗೆ ಕಾಯಬೇಕಾದದ್ದು ಮನುಷ್ಯನ ಮನಸ್ಸಾಕ್ಷಿ.

ಇಂತಹ ಸಾವುಗಳ ಮುಂದೆ ನಾವು ಹಣೆಬರಹವೆಂದು ಸುಮ್ಮನಾಗುತ್ತೇವೆ. ಸಿಲೋವದ ಗೋಪುರ ಕುಸಿದು 18 ಮಂದಿ ಸತ್ತ ಘಟನೆಯನ್ನು ಪ್ರಭು ಯೇಸು ಪ್ರಸ್ತಾಪಿಸಿದ್ದನ್ನು ಸಂತ ಲೂಕರ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಓದುತ್ತೇವೆ. ಸತ್ತವರು ಇತರರಿಗಿಂತ ಹೆಚ್ಚು ದೋಷಿಗಳೆಂಬ ಭಾವನೆಯನ್ನು ಪ್ರಭು ತಳ್ಳಿಹಾಕಿ, ಬದುಕಿರುವವರನ್ನೇ ಮನಪರಿವರ್ತನೆಗೆ ಕರೆದರು. ಆ ಕರೆ ಇಂದು ನಮಗೂ ಸಲ್ಲುತ್ತದೆ.

ಜಗದ್ಗುರು ಎರಡನೆಯ ಜಾನ್ ಪಾಲರು 1981ರಲ್ಲಿ ಹೊರಡಿಸಿದ 'ಲಾಬೋರೆಮ್ ಎಕ್ಸರ್ಸೆನ್ಸ್' ಎಂಬ ಪರಿಪತ್ರದಲ್ಲಿ, ತಂತ್ರಜ್ಞಾನವು ಮನುಷ್ಯನ ಮಿತ್ರನೂ ಆಗಬಲ್ಲದು, ಶತ್ರುವೂ ಆಗಬಲ್ಲದು ಎಂದು ಎಚ್ಚರಿಸಿದರು. ದುಡಿಮೆ ಇರುವುದು ಮನುಷ್ಯನಿಗಾಗಿ. ಮನುಷ್ಯನಿರುವುದು ದುಡಿಮೆಗಾಗಿ ಅಲ್ಲ ಎಂಬುದೇ ಅವರ ಬೋಧನೆಯ ತಿರುಳು. ಬೆಲ್ಟು ಕೊಂಡು ಉಗ್ರಾಣದಲ್ಲಿಟ್ಟರೆ ಲೆಕ್ಕಪುಸ್ತಕಕ್ಕೆ ಸಮಾಧಾನ. ಅದು ಕಾರ್ಮಿಕನ ಸೊಂಟಕ್ಕೇರಿ, ಗಟ್ಟಿಯಾದ ಆಧಾರಕ್ಕೆ ಬಿಗಿದಾಗಲೇ ಪರಪ್ರೀತಿ.

ಇದು ದೊಡ್ಡ ಕಂಪನಿಗಳ ವಿಷಯವೆಂದು ಪುಟ ತಿರುವಬೇಡಿ. ನಿಮ್ಮ ಮನೆಗೂ ಎಂದಾದರೂ ಗಾರೆಯವರು, ಬಣ್ಣ ಬಳಿಯುವವರು ಬಂದಾರು. ಕೂಲಿಯ ಚೌಕಾಸಿಗೆ ಮೊದಲು ಮೇಸ್ತ್ರಿಯನ್ನು ಕೇಳಿ: ಸಾರವೆ ಭದ್ರವಾಗಿದೆಯೇ? ಹುಡುಗರಿಗೆ ಬೆಲ್ಟು ಇದೆಯೇ? ಹಬ್ಬಕ್ಕೆ ಮುಂಚೆ ಮುಗಿಯಲೇಬೇಕೆಂಬ ನಮ್ಮ ಅವಸರವೂ ಒಬ್ಬನ ಕಾಲು ಜಾರಿಸೀತು. ಗೃಹಪ್ರವೇಶದ ದಿನ ಗುರುಗಳು ಬಂದು ಮನೆಯನ್ನು ಆಶೀರ್ವದಿಸುವರು. ಆ ಮನೆಯನ್ನು ಕಟ್ಟಿದವರೆಲ್ಲರೂ ಸುರಕ್ಷಿತವಾಗಿ ತಮ್ಮ ಮನೆ ಸೇರಿದ್ದರೆ, ಆ ಆಶೀರ್ವಾದವನ್ನು ನಾವು ನಿರ್ಮಲ ಮನಸ್ಸಿನಿಂದ ಸ್ವೀಕರಿಸಬಹುದು.